ಎರಡು ಬೆರಳು ಸಂದು

ನೇಕಾರ ವೀರಪ್ಪನಿಗೆ ಸಡಿಲ ಅನ್ನುವುದನ್ನು ಕಂಡರೆ ಆಗುತ್ತಿರಲಿಲ್ಲ. ಮಗ್ಗದ ಮೇಲೆ ಒಂದು ಎಳೆ ಜೋತರೂ ಊಟ ಬಿಟ್ಟು ಏಳುವ ಮನುಷ್ಯ. ಗಜೇಂದ್ರಗಡದ ನಮ್ಮ ಓಣಿಗೆ ಮೊದಲು ಸೈಕಲ್ ತಂದವನು ಅವನೇ. ಅದರ ಮಡ್‌ಗಾರ್ಡು ಗಡಗಡ ಅನ್ನುತ್ತದೆಂದು ನಟ್ಟು ಬಿಗಿದು ಬಿಗಿದು ತಗಡನ್ನು ಟೈರಿಗೆ ಇನ್ನೇನು ತಾಗುವಷ್ಟು ಹತ್ತಿರ ತಂದುಬಿಟ್ಟಿದ್ದ. ಇದು ಎರೆಭೂಮಿ, ಮಳೆಯಾದರೆ ಮಣ್ಣು ಮೆತ್ತುತ್ತದೆ, ನಡುವೆ ಎರಡು ಬೆರಳು ಸಂದು ಇರಲಿ ಎಂದು ಸೈಕಲ್ ಅಂಗಡಿಯ ಹುಚ್ಚಪ್ಪ ಹೇಳಿದ್ದನಂತೆ. ಇವನು ಕೇಳಬೇಕಲ್ಲ! ಜೋಲು ಕೆಲಸ ತನಗೆ ಸೇರುವುದಿಲ್ಲ ಅಂದನಂತೆ.

ಮುಂಬಯಿ ಪ್ರಾಂತ ಬಿಟ್ಟು ಮೈಸೂರಿಗೆ ಸೇರುತ್ತೇವೆ ಎಂದು ಎಲ್ಲರೂ ಮಾತಾಡುತ್ತಿದ್ದ ವರ್ಷ. ಶ್ರಾವಣದ ಒಂದು ಮಧ್ಯಾಹ್ನ ಆ ಸೈಕಲ್ ನನ್ನ ಬಾಗಿಲಿಗೆ ಬಂತು. ಲಕ್ಕಲಕಟ್ಟಿ ಊರಿಗೆ ಮದುವೆ ಮಾಡಿಕೊಟ್ಟ ಅವನ ಮಗಳು ದ್ರಾಕ್ಷಾಯಣಿಗೆ ಬೆಳಗಿನಿಂದ ಹೆರಿಗೆ ನೋವು, ಕೂಸು ಅಡ್ಡ ತಿರುಗಿದೆ ಎಂದು ಆಳು ಬಂದು ಹೇಳಿದ್ದ. ಅಡ್ಡಗೂಸು ತಿರುಗಿಸಬಲ್ಲ ಸೂಲಗಿತ್ತಿ ಈ ಸುತ್ತಿನಲ್ಲಿ ನಾನೊಬ್ಬಳೇ, ಮಾಸುಮಬಿ. ಮಳೆಯಾಗಿದೆ, ಗುಡ್ಡದಂಚಿನ, ಮಣ್ಣು ಅಂಟದ ಗರಸಿನ ಕಾಲುದಾರಿಯಲ್ಲಿ ನಡೆದೇ ಹೋಗೋಣ ಅಂದೆ. ನಿಮ್ಮ ಮೊಣಕಾಲಿಗೆ ಅದು ಆಗದು, ಸೈಕಲ್ಲೇ ಲಗೂ ಎಂದು ವೀರಪ್ಪ ಹಿಂದೆ ಕೂರಿಸಿಕೊಂಡ.

ಊರು ದಾಟಿ ಗಾಡಿದಾರಿ ಹಿಡಿದದ್ದೇ ತಡ, ಗಾಲಿ ನಿಂತಿತು. ಮಡ್‌ಗಾರ್ಡಿನೊಳಗೆ ಕರಿಮಣ್ಣು ನಾದಿದ ಹಿಟ್ಟಿನ ಹಾಗೆ ಮೆತ್ತಿಕೊಂಡಿತ್ತು. ಕಡ್ಡಿಯಿಂದ ಕೆದರಿದ. ನಾಲ್ಕು ಮಾರು ಹೋಗುವುದರೊಳಗೆ ಮತ್ತೆ ಕಚ್ಚಿತು. ತಗಡು ಬಿಚ್ಚಿ ಒಗೆ ಅಂದರೆ ನಟ್ಟು ತಿರುಗಿಸುವ ಪಾನಾ ಮನೆಯಲ್ಲಿತ್ತು, ಬಿಗಿದ ನಟ್ಟು ಬರಿಗೈಗೆ ಜಗ್ಗಲಿಲ್ಲ. ಅವನ ಉಗುರು ಕಿತ್ತು ರಕ್ತ ಬಂತು. ನನಗೆ ಸಿಟ್ಟು ನೆತ್ತಿಗೇರಿ ಬಾಯಿಗೆ ಬಂದಂತೆ ಬೈದೆ. ಆ ಪುಣ್ಯಾತ್ಮ ಸೈಕಲ್ಲನ್ನೇ ಹೆಗಲಿಗೆ ಏರಿಸಿಕೊಂಡ.

“ಅದನ್ನ ಹೊಲದಾಗ ಒಗೀ ವೀರಪ್ಪಾ. ನಿನಗ ಮಗಳು ಬೇಕೋ, ಸೈಕಲ್ ಬೇಕೋ?” ಅಂದೆ.

ಒಗೆದ. ಅಲ್ಲಿಂದ ನಡೆದೆವು. ಹೆಜ್ಜೆ ಎತ್ತಿದರೆ ಕಾಲಿಗೆ ಸೇರುಗಟ್ಟಲೆ ಮಣ್ಣು. ನಡುದಾರಿಯಲ್ಲಿ ನನ್ನ ಮೊಣಕಾಲು ಕೈಕೊಟ್ಟಿತು, ಅವನು ತೋಳು ಹಿಡಿದು ಎಳೆದುಕೊಂಡೇ ಹೋದ. ಅಳುತ್ತಿದ್ದಾನೆಂದು ಗೊತ್ತಾಗಿ ನಾನೂ ಬೈಯುವುದನ್ನು ಬಿಟ್ಟೆ.

ಲಕ್ಕಲಕಟ್ಟಿ ಮುಟ್ಟಿದಾಗ ದೀಪ ಹಚ್ಚಿದ್ದರು. ಕೂಸಿನ ಕೈ ಹೊರಗೆ ಬಂದು ತಣ್ಣಗಾಗಿತ್ತು. ಕೂಸು ಉಳಿಯಲಿಲ್ಲ, ತಾಯಿಯನ್ನು ಹೇಗೋ ಉಳಿಸಿಕೊಂಡೆ. ತುಸು ಮೊದಲು ಬಂದಿದ್ದರೆ ಎರಡೂ ಜೀವ ಉಳಿಯುತ್ತಿದ್ದವು.

ವೀರಪ್ಪ ಒಳಗೆ ಬಂದು ಮಗಳ ತಲೆದೆಸೆಗೆ ಕೂತ. ದ್ರಾಕ್ಷಾಯಣಿ ಕಣ್ಣು ತೆರೆದು ಅಪ್ಪನ ಕೆಸರುಗಾಲು ನೋಡಿದಳು. ದಾರಿಯಲ್ಲಿ ನಡೆದದ್ದು ಅವಳಿಗೇನು ಗೊತ್ತು.

“ಯಪ್ಪಾ, ನಡಕೋತ ಬಂದ್ರೇನು? ಸೈಕಲ್ ತಗೊಂಡ ಬಂದಿದ್ರ ಲಗೂ ಆಗ್ತಿತ್ತಲ್ಲ,” ಅಂದಳು.

“ಹೂಂ ಯವ್ವಾ,” ಅಂದ ವೀರಪ್ಪ.