ಹಿತ್ತಲಲ್ಲಿ ಗಾಳ

ಬೇಸಿಗೆಗೆ ಅಣೆಕಟ್ಟಿನ ಹಿನ್ನೀರು ಇಳಿದು, ಮುಳುಗಿಹೋದ ಹಳೇ ಬಾಗಲಕೋಟೆಯ ನಮ್ಮ ಓಣಿಯ ಮೇಲೆ ಮೊಣಕಾಲು ಮಟ್ಟದ ಕೆಸರು ನೀರಷ್ಟೇ ಉಳಿದಿತ್ತು. ಅಲ್ಲಿ ಕೊರಮೀನು ಸಿಗುತ್ತದೆಂದು ಆಗಿನ ನೆರೆಮನೆಯ ಜಲಾಲುದ್ದೀನ ನನ್ನನ್ನು ನಾವೀಗಿರುವ ನವನಗರದಿಂದ ಎಳೆದುಕೊಂಡು ಬಂದಿದ್ದ. ಮೀನು ಮುಟ್ಟದ ನಾನು ಬೈಯುತ್ತ ದಡದಲ್ಲಿ ಕುಳಿತಿದ್ದೆ.

ಸೀಸದ ತಲೆಗೆ ಕೋಳಿಗರಿ ಕಟ್ಟಿದ ಗಾಳವನ್ನು ಅವನು ತಳಕ್ಕೆ ಬಿಟ್ಟು, ಎತ್ತಿ ಎತ್ತಿ ಕುಣಿಸುತ್ತಿದ್ದ. ಅದು ಎಲ್ಲೋ ಸಿಕ್ಕಿಬಿತ್ತು. ಬಿಡಿಸಲು ನೀರಿಗಿಳಿದ.

"ದಾರ ಹರಕೊಂಡು ಬಾರಲೇ. ತಳ ಕಾಣವಲ್ದು," ಅಂದೆ.

"ನಿಮ್ಮ ಹಿತ್ತಲಾ ನನಗ ಹೊಸಾದೇನಲೇ? ಕಣ್ಣು ಮುಚ್ಚಿ ಹೋಗ್ತೇನಿ."

ಎಡಕ್ಕೆ ದನದ ಗೋದಲಿ, ಬಲಕ್ಕೆ ಗೋಡಿ ಎನ್ನುತ್ತ ಕಾಲಲ್ಲೇ ತಡವಿ ನಡೆದ. ಎಲ್ಲವೂ ಅವನು ಹೇಳಿದಲ್ಲೇ ಇದ್ದವು. ಆದರೂ ಏನೋ ಮರೆತಿದ್ದೇವೆ ಎಂದು ನನಗೆ ಎನಿಸುತ್ತಿತ್ತು.

"ಇನ್ನ ಬಾವಿ ಮುಚ್ಚಿದ ಕಲ್ಲು. ಅದರ ಮ್ಯಾಲ ನಿಂತು ಬಿಡಿಸ್ತೇನಿ," ಎಂದು ಕಾಲೆತ್ತಿದ.

ಆ ಕಲ್ಲು ನವನಗರದ ನಮ್ಮ ಹಿತ್ತಲಲ್ಲಿದೆ. ಊರು ಬಿಡುವಾಗ ಅವನೇ ಒಂದು ತುದಿ ಹಿಡಿದು ಟ್ರ್ಯಾಕ್ಟರಿಗೆ ಏರಿಸಿದ್ದ. ಇವತ್ತು ಬೆಳಿಗ್ಗೆಯೂ ನನ್ನ ಹೆಂಡತಿ ಅದರ ಮೇಲೆ ಬಟ್ಟೆ ಒಗೆದಿದ್ದಳು.