ಸದ್ದು ಮಾಡದ ಯಂತ್ರ

ನೆಲದಲ್ಲಿ ಹುಗಿದಿಟ್ಟ ಬಾಂಬುಗಳನ್ನು ಹುಡುಕಿ ತೆಗೆಯುವ ಕೆಲಸದಲ್ಲಿ ಹವಾಲ್ದಾರನಿಗೆ ಇಪ್ಪತ್ತೆರಡು ವರ್ಷ ತುಂಬಿತ್ತು. ಎಡಗೈಯ ಎರಡು ಬೆರಳು ಹೋದದ್ದು ಬಿಟ್ಟರೆ ಮೈಗೆ ಬೇರೆ ಊನವಿರಲಿಲ್ಲ. ಆ ಕೆಲಸದಲ್ಲಿ ಅಷ್ಟು ಉಳಿಸಿಕೊಂಡವರೇ ಕಡಿಮೆ. ಹಾಗಾಗಿ ಸೈನ್ಯಕ್ಕೆ ಹೊಸ ಪತ್ತೆಯಂತ್ರ ಕೊಳ್ಳುವ ಮಾತು ಬಂದಾಗ ಪರೀಕ್ಷೆಗೆ ಅವನನ್ನೇ ಕರೆಸಿದರು.

ಪೈಪೋಟಿಯಲ್ಲಿದ್ದದ್ದು ಎರಡೇ ಯಂತ್ರ. ಒಂದು ಹೊರದೇಶದ್ದು. ಇನ್ನೊಂದು ಇಲ್ಲಿನ ಪ್ರಯೋಗಾಲಯದಲ್ಲಿ ಆರು ವರ್ಷ ಹೆಣಗಿ ಮಾಡಿದ್ದು. ಹೆಣಗಿದವಳು ಹವಾಲ್ದಾರನ ಒಡಹುಟ್ಟಿದ ತಂಗಿ.

ಮೊದಲ ದಿನವೇ ಅವನು ಕರ್ನಲ್ ಎದುರು ನಿಂತು ಹೇಳಿಬಿಟ್ಟ: "ಸಾರ್, ಅದನ್ನ ಮಾಡಿದ್ದು ನನ್ನ ತಂಗಿ. ಪರೀಕ್ಷೆ ಬೇರೆಯವರ ಕೈಲಿ ಮಾಡಿಸಿ."

"ನಿನ್ನಂಥ ಕೈ ಇನ್ನೆಲ್ಲಿಂದ ತರ್ಲಿ?" ಎಂದು ಕರ್ನಲ್ ನಕ್ಕರು. ಆಮೇಲೆ ಬಾಗಿಲವರೆಗೂ ಬಂದು ದನಿ ತಗ್ಗಿಸಿದರು. "ನಮ್ಮದೇ ಯಂತ್ರ ಬರತ್ತೆ ಅಂತ ಮೇಲಿನವರು ಆಗ್ಲೇ ಎಲ್ಲ ಕಡೆ ಹೇಳ್ಕೊಂಡಾಗಿದೆ. ತಿಳೀತಲ್ಲ?"

ತಿಳಿಯಿತು. ತಿಳಿಯದವನಂತೆ ಸೆಲ್ಯೂಟ್ ಹೊಡೆದು ಬಂದ.

ಬಯಲಿನಲ್ಲಿ ಹಗ್ಗ ಕಟ್ಟಿ ಮೂರು ಪಟ್ಟೆ ಮಾಡಿ, ಇಪ್ಪತ್ತು ಹುಸಿ ಬಾಂಬು ಹುಗಿದಿದ್ದರು. ತುಳಿದರೆ ಸಿಡಿಯುವುದಿಲ್ಲ, ಕಿತ್ತಳೆ ಬಣ್ಣದ ಹೊಗೆ ಏಳುತ್ತದೆ, ಅಷ್ಟೆ. ಎಲ್ಲೆಲ್ಲಿ ಹುಗಿದಿದೆ ಎಂಬುದು ಗುಮಾಸ್ತನ ನಕ್ಷೆಯಲ್ಲಿತ್ತು. ಯಂತ್ರದ ಸದ್ದು ಕೇಳುವುದು ಹವಾಲ್ದಾರನೊಬ್ಬನಿಗೇ, ಹೆಡ್‌ಫೋನಿನಲ್ಲಿ. ಸದ್ದಾದ ಕಡೆ ಅವನು ಬಾವುಟ ನೆಡಬೇಕು.

ಮೊದಲು ಹೊರದೇಶದ ಯಂತ್ರದ ಸರದಿ. ಇಪ್ಪತ್ತಕ್ಕೆ ಇಪ್ಪತ್ತೂ ಸಿಕ್ಕವು. ಕಂಪನಿಯ ಏಜೆಂಟ ಹಲ್ಲು ಕಿರಿಯುತ್ತ ಬಂದು ಕೈಕುಲುಕಿದ.

"ಕೆಟ್ಟರೆ ರಿಪೇರಿ ಎಲ್ಲಿ?" ಹವಾಲ್ದಾರ ಕೇಳಿದ.

"ಅಲ್ಲಿನ ಕಾರ್ಖಾನೆಗೇ ಕಳಿಸ್ಬೇಕು. ಏಳೆಂಟು ತಿಂಗಳು ಹಿಡಿಯತ್ತೆ."

"ಅಲ್ಲೀವರೆಗೂ ನಮ್ಮ ಹುಡುಗ್ರು ಕಾಲಲ್ಲಿ ಹುಡುಕ್ಬೇಕಾ?"

ಏಜೆಂಟನ ನಗು ಅಲ್ಲಿಗೇ ನಿಂತಿತು.

ಮಾರನೆಯ ದಿನ ಬಾಂಬುಗಳ ಜಾಗ ಬದಲಿಸಿದರು. ತಂಗಿಯ ಯಂತ್ರ ಹಿಡಿದು ಹವಾಲ್ದಾರ ಇಳಿದ. ಎರಡು ಪಟ್ಟೆ ಸಲೀಸಾಗಿ ಮುಗಿದವು. ಮೂರನೆಯದರ ನಡುವೆ ಅವನ ಕಾಲು ತಾನಾಗಿ ನಿಂತಿತು. ಎದುರಿಗೆ ಅಂಗೈಯಗಲ ಮಣ್ಣು ತುಸು ಕುಗ್ಗಿತ್ತು. ಅಂಚಿನ ಹುಲ್ಲು ಬಾಡಿತ್ತು. ಇಲ್ಲೇ ಇದೆ ಎಂದು ಕಣ್ಣು ಹೇಳಿತು. ಯಂತ್ರವನ್ನು ಅದರ ಮೇಲೆ ಆಡಿಸಿದ. ಸದ್ದಿಲ್ಲ. ಇನ್ನೊಮ್ಮೆ, ನಿಧಾನಕ್ಕೆ. ಉಹುಂ.

ಬಾವುಟ ಕೈಯಲ್ಲೇ ಇತ್ತು. ಬಗ್ಗಿ ಚುಚ್ಚಿದರೆ ಮುಗಿಯಿತು. ಸದ್ದಾಯಿತೋ ಇಲ್ಲವೋ ಯಾರಿಗೆ ಗೊತ್ತು? ಹಗ್ಗದಾಚೆ ನೋಡಲು ಸೇರಿದ್ದ ನಲವತ್ತು ಜನರ ನಡುವೆ ತಂಗಿ ಉಸಿರು ಬಿಗಿಹಿಡಿದು ನಿಂತಿದ್ದಳು. ಕರ್ನಲ್ ಗಡಿಯಾರ ನೋಡುತ್ತಿದ್ದರು. ನಾಳೆ ಈ ಯಂತ್ರ ಹಿಡಿಯುವವನಿಗೆ ಇಪ್ಪತ್ತು ವರ್ಷವೂ ಆಗಿರುವುದಿಲ್ಲ. ಮಣ್ಣು ಓದುವ ಕಣ್ಣು ಅವನಿಗೆಲ್ಲಿ? ಕಿವಿಗೆ ಬಿದ್ದದ್ದನ್ನೇ ನಂಬಿ ಹೆಜ್ಜೆ ಇಡುತ್ತಾನೆ.

ಹವಾಲ್ದಾರ ಹೆಜ್ಜೆ ಇಟ್ಟ.

ಬುಸ್ ಎಂದು ಹೊಗೆ ಎದ್ದು ಸೊಂಟದವರೆಗೂ ಸುತ್ತಿಕೊಂಡಿತು.

ಕರ್ನಲ್ ದಾಪುಗಾಲು ಹಾಕಿ ಬಂದರು. "ಕಾಲು ಜಾರ್ತು ಅಂತ ಬರ್ಕೊಳ್ಳೋಣ."

"ಜಾರಿಲ್ಲ ಸಾರ್. ಇಟ್ಟಿದ್ದೀನಿ."

ನಲ್ಲಿಯ ಹತ್ತಿರ ಬೂಟು ತೊಳೆಯುತ್ತಿದ್ದಾಗ ತಂಗಿ ಬಂದಳು. "ಆ ಮಣ್ಣು ಕುಗ್ಗಿದ್ದು ನಿನ್ನ ಕಣ್ಣಿಗೆ ಬಿದ್ದಿರ್ಲಿಲ್ವಾ ಅಣ್ಣ?"

"ಬಿದ್ದಿತ್ತು. ನಿನ್ನ ಯಂತ್ರಕ್ಕೆ ಗೊತ್ತಾಗ್ಲಿಲ್ಲ."

"ಆರು ವರ್ಷ! ಮಗಳನ್ನ ಮೊದಲ್ನೇ ದಿನ ಸ್ಕೂಲಿಗೆ ಬಿಡೋಕೂ ಹೋಗಿಲ್ಲ ನಾನು." ಅವಳು ತಿರುಗಿ ನೋಡದೆ ಹೊರಟಳು.

ವರದಿಯಲ್ಲಿ ಅವನು ಸುತ್ತಿ ಬಳಸಿ ಬರೆಯಲಿಲ್ಲ. ಹೊರಗಿನ ಯಂತ್ರ ಸದ್ಯಕ್ಕೆ ಬೇಕಾದಷ್ಟು ಮಾತ್ರ ತನ್ನಿ, ರಿಪೇರಿ ಇಲ್ಲೇ ಆಗಬೇಕೆಂದು ಷರತ್ತು ಹಾಕಿ. ನಮ್ಮದು ಇನ್ನೂ ತಯಾರಿಲ್ಲ, ಆದರೆ ಕೈಬಿಡಬೇಡಿ. ಕರ್ನಲ್ ಎರಡು ದಿನ ಅದನ್ನು ಮೇಲಕ್ಕೆ ಕಳಿಸದೆ ಮೇಜಿನಲ್ಲೇ ಇಟ್ಟುಕೊಂಡರು. ಹೊಗೆಯನ್ನು ನಲವತ್ತು ಜನ ಕಣ್ಣಾರೆ ಕಂಡಿದ್ದರಿಂದ ಕೊನೆಗೆ ಕಳಿಸಲೇಬೇಕಾಯಿತು.

ಒಂದೂವರೆ ತಿಂಗಳು ತಂಗಿಯ ಫೋನಿಲ್ಲ. ಆಮೇಲೊಂದು ಭಾನುವಾರ ಚೀಲ ಹೆಗಲಿಗೇರಿಸಿ ಬಂದು ಬಾಗಿಲಲ್ಲೇ ನಿಂತಳು. "ಆ ಜಾಗ ತೋರ್ಸು."

ಇಬ್ಬರೂ ಬಯಲಿನಲ್ಲಿ ಮೊಣಕಾಲೂರಿ ಕೂತರು. ಅವಳು ಹಿಡಿ ಮಣ್ಣಿಗೆ ಅಯಸ್ಕಾಂತ ಮುಟ್ಟಿಸಿದಳು. ಕರಿ ಕಾಳುಗಳು ಮೆತ್ತಿಕೊಂಡವು.

"ಈ ಪಟ್ಟೆಯ ಮಣ್ಣಲ್ಲೇ ಕಬ್ಬಿಣ ಇದೆ," ಎಂದಳು. "ಈ ಗಲಾಟೇಲಿ ಬಾಂಬಿನ ಚೂರು ಲೋಹದ ದನಿ ಯಂತ್ರಕ್ಕೆ ಕೇಳಿಸೇ ಇಲ್ಲ. ಅಲ್ಲಿ ಪ್ರಯೋಗಾಲಯದಲ್ಲಿ ನಾವು ಮರಳಲ್ಲಿ ಹುಗಿದು ನೋಡ್ತಿದ್ವಿ." ಅಯಸ್ಕಾಂತಕ್ಕೆ ಮೆತ್ತಿದ ಕಾಳುಗಳನ್ನು ಒರೆಸುತ್ತ, "ನೀನು ಬಾವುಟ ನೆಟ್ಟಿದ್ರೆ ಇದು ನಂಗೆ ಗೊತ್ತೇ ಆಗ್ತಿರ್ಲಿಲ್ಲ," ಎಂದಳು.

ಒಂಬತ್ತು ತಿಂಗಳ ನಂತರ ಮತ್ತೆ ಪರೀಕ್ಷೆ. ಈ ಸಲ ತಂಗಿ ತಿದ್ದಿದ ಯಂತ್ರ ಹಿಡಿದವನು ಸೈನ್ಯ ಸೇರಿ ವರ್ಷವಾಗದ ಸಿಪಾಯಿ. ಹವಾಲ್ದಾರನೇ ಹಾಗೆ ಕೇಳಿಕೊಂಡಿದ್ದ. ಅವನು ಇಪ್ಪತ್ತನೆಯ ಬಾವುಟವನ್ನೂ ನೆಟ್ಟಾಗ ತಂಗಿ ಅಣ್ಣನ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದಳು. ಅಣ್ಣ ಬಿಡಿಸಿಕೊಳ್ಳಲಿಲ್ಲ.