ಹಳೆಯ ಮಗ್ಗ, ಹೊಸ ಹಾಸು

ನಮ್ಮ ಅವ್ವ ಗುರುಸಿದ್ದವ್ವ ಇಳಕಲ್ಲಿನ ಕೈಮಗ್ಗದ ಮುಂದೆ ನಲವತ್ತೆರಡು ವರ್ಷ ಕೂತವಳು. ಅವಳು ನೇಯ್ದ ಸೀರೆಗಳ ದಡಿಗಳನ್ನೆಲ್ಲ, ಅಂದರೆ ಅಂಚಿನ ಚಿತ್ತಾರಗಳನ್ನೆಲ್ಲ, ಚೌಕಳಿ ಹಾಕಿ ಬಿಡಿಸಿ ಲ್ಯಾಪ್‌ಟಾಪಿನಲ್ಲಿ ಇಟ್ಟವಳು ನಾನು, ಶಿವಗಂಗಾ. ಒಟ್ಟು ನೂರ ಎಂಬತ್ತಾರು ದಡಿ. ಇಷ್ಟು ಬೇರೆ ಯಾರ ಬಳಿಯೂ ಇಲ್ಲ. ಇದನ್ನು ನಾನು ಹೇಳಿಕೊಂಡೇ ತಿರುಗುತ್ತೇನೆ. ಜಂಬ ಅನ್ನುವವರು ಅನ್ನಲಿ.

ಆ ಜಂಬಕ್ಕೆ ಮಸಿ ಬಳಿದದ್ದು ಲ್ಯಾಪ್‌ಟಾಪೇ. ಕೊಂಡು ಹತ್ತು ವರ್ಷವಾಗಿತ್ತು. ಹೋದ ತಿಂಗಳು ಹುನಗುಂದದ ನೇಕಾರರ ಸಭೆಯಲ್ಲಿ ದಡಿ ತೋರಿಸಲು ತೆರೆದೆ. ಜನ ಚಹಾ ಕುಡಿದು ಕಪ್ಪು ಕೆಳಗಿಟ್ಟರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಹಿಂದೆ ಯಾರೋ ಕಿಸಕ್ಕೆಂದರು. ಮುಂದಿನ ಸೋಮವಾರ ಬಾಗಲಕೋಟೆಯಲ್ಲಿ ದೊಡ್ಡ ಸಭೆಯಿತ್ತು. ಅಲ್ಲಿ ಮೆಚ್ಚಿದರೆ ಅವ್ವನ ದಡಿಗಳು ಅವಳ ಹೆಸರಿನಲ್ಲೇ ಪುಸ್ತಕವಾಗಲಿದ್ದವು. ಇನ್ನೊಮ್ಮೆ ನಗಿಸಿಕೊಳ್ಳಲು ನಾನು ತಯಾರಿರಲಿಲ್ಲ.

ಶನಿವಾರ ಬೆಳಿಗ್ಗೆ ದಾನಿಶನ ಅಂಗಡಿಗೆ ಹೋದೆ. ಅವನು ನನ್ನ ಜೊತೆ ಸಾಲಿ ಕಲಿತವನು, ಈಗ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಕರೆಯದಿದ್ದರೂ ಅವ್ವ ಬೆನ್ನಿಗೇ ಬಂದಳು.

"ಎರಡು ದಾರಿ ಅದಾವ ನೋಡು," ಎಂದ ದಾನಿಶ. "ಇದಕ್ಕ ಹೊಸಾ ಡಿಸ್ಕ್ ಹಾಕಿ, ರ್‍ಯಾಮ್ ಏರಿಸಿದ್ರ ಇನ್ನೂ ನಾಕೈದು ವರ್ಷ ಓಡ್ತೈತಿ. ಇಲ್ಲಾ, ಇದನ್ನ ನನಗ ಕೊಟ್ಟು ಹೊಸಾದು ಒಯ್ಯಿ. ಹಳೇದರಾಗ ಇದ್ದದ್ದೆಲ್ಲಾ ಅಳಿಸಿ ತಗೋತೇನಿ."

"ಹೊಸಾದು," ಎಂದೆ.

"ಯಾಕ? ಇದರ ಮೈ ಗಟ್ಟಿ ಐತಲ್ಲ," ಎಂದಳು ಅವ್ವ. "ನನ್ನ ಮಗ್ಗ ನಮ್ಮತ್ತಿ ಕಾಲದ್ದು. ಉದ್ದೆಳೆಯ ಹಾಸು ತೀರಿದ್ರ ಹೊಸಾ ಹಾಸು ಹೂಡ್ತೇನಿ. ಮಗ್ಗ ಒಯ್ದು ಒಲಿಗೆ ಹಾಕ್ತೇನೇನು?"

"ಯವ್ವಾ, ನಿನಗ ಇದು ತಿಳಿಯೂದಿಲ್ಲ. ಸುಮ್ನ ಕುಂದ್ರು."

ಅವ್ವ ಕೂತಳು. ಸುಮ್ಮನಾಗಲಿಲ್ಲ, ತುಟಿಯೊಳಗೇ ಏನೋ ಗೊಣಗುತ್ತಿದ್ದಳು.

"ಎಲ್ಲಾ ಇಳಿಸ್ಕೊಂಡೀ ಹೌದಿಲ್ಲೋ?" ಎಂದು ದಾನಿಶ ಕೇಳಿದ. ನಾನು ಪೆನ್‌ಡ್ರೈವ್ ಎತ್ತಿ ತೋರಿಸಿದೆ. "ನೂರಾ ಎಂಬತ್ತಾರೂ ಇದರಾಗ ಅದಾವ. ಎಣಿಸೇನಿ." ಅವನು ಹಳೆಯದನ್ನು ಅಳಿಸಲು ಕೈ ಹಾಕಿದ.

ಅವ್ವ ಎದ್ದು ನಿಂತಳು. "ತಡಿ ತಮ್ಮಾ. ಆಕಿ ಜಗ್ಗಿ ನೋಡ್ಯಾಳೇನು, ಕೇಳು."

ಇಳಕಲ್ ಸೀರೆಯ ಮೈಯೆಳೆ ಬೇರೆ, ಸೆರಗಿನ ರೇಷ್ಮೆ ಎಳೆ ಬೇರೆ. ಎರಡನ್ನೂ ಕುಣಿಕೆಗೆ ಕುಣಿಕೆ ಸೇರಿಸಿ ಜೋಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಪ್ರತಿ ಕೊಂಡಿಯನ್ನೂ ಜಗ್ಗಿ ನೋಡುವವರೆಗೆ ಯಾರೂ ಲಾಳಿ ಮುಟ್ಟುವಂತಿಲ್ಲ. ಸಣ್ಣವಳಿದ್ದಾಗ ಒಮ್ಮೆ "ಎಣಿಸೇನಿ" ಎಂದು ಆಟಕ್ಕೆ ಓಡಿದ್ದೆ. ಬೆನ್ನಿಗೊಂದು ಗುದ್ದು ಬಿದ್ದಿತ್ತು.

"ಅವ್ವಾರು ಹೇಳೂದು ಖರೆ ಐತಿ," ಎಂದು ದಾನಿಶ ಪೆನ್‌ಡ್ರೈವನ್ನು ಹೊಸ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ನೂರ ಎಂಬತ್ತಾರು ಹೆಸರು ಸಾಲಾಗಿ ಬಂದವು. ನಾನು ಅವ್ವನ ಕಡೆ ನೋಡಿ ನಕ್ಕೆ. ಅವನು ಮೊದಲನೆಯದನ್ನು ಒತ್ತಿದ. ತೆರೆಯಲಿಲ್ಲ. ಎರಡನೆಯದು ಒತ್ತಿದ, ನಡುವಿನದೊಂದು ಒತ್ತಿದ, ಕೊನೆಯದೂ ಒತ್ತಿದ. ಒಂದೂ ತೆರೆಯಲಿಲ್ಲ.

"ಶಿವಗಂಗಾ, ನೀ ತಂದಿದ್ದು ಬರೇ ಶಾರ್ಟ್‌ಕಟ್. ಹೆಸರಷ್ಟ ಬಂದಾವ. ದಡಿ ಎಲ್ಲಾ ಹಳೇದರಾಗ ಉಳದಾವ."

ಒಂದು ಗುಂಡಿ ಒತ್ತಿದ್ದರೆ ಎಲ್ಲಾ ನೀರುಪಾಲು. ಹಳೆಯ ಸೀರೆಗಳು ಮಾರಿಹೋಗಿ ಎಷ್ಟೋ ಕಾಲವಾಯಿತು, ಅವ್ವನ ಕಣ್ಣೂ ಮಂಜಾಗಿದೆ. ಇನ್ನೊಮ್ಮೆ ಏನನ್ನು ನೋಡಿ ಬಿಡಿಸಲಿ? ಸುಮ್ಮನೆ ಕೂಡು ಅಂದ ನನ್ನ ನಾಲಗೆಯ ಮೇಲೆ ನನಗೇ ಸಿಟ್ಟು ಬಂತು.

"ಇದಕ್ಕ ಹೊಸಾ ಡಿಸ್ಕ್ ಹಾಕು ದಾನಿಶ," ಎಂದೆ. "ಅವ್ವ ಹೇಳಿದಂಗ."

ಹಳೆಯ ಡಿಸ್ಕಿನಿಂದ ಹೊಸ ಡಿಸ್ಕಿಗೆ ಎಲ್ಲ ಇಳಿಯುವವರೆಗೆ ಅವ್ವ ಊಟಕ್ಕೂ ಏಳಲಿಲ್ಲ. ಆಮೇಲೆ ಒಂದೊಂದಾಗಿ ತೆರೆಸಿದಳು. ಪರದೆಗೆ ಮೂಗು ತಾಗಿಸಿ, "ಇದು ಗಾಡಿ ದಡಿ. ಇದು ಗೋಮಿ. ಇದು ನೀ ಹುಟ್ಟಿದ ವರ್ಷ ನೇಯ್ದದ್ದು," ಎನ್ನುತ್ತ ನೂರ ಎಂಬತ್ತಾರನ್ನೂ ನೋಡಿ ಮುಗಿಸಿದಳು. ದಾನಿಶ ಒಮ್ಮೆಯೂ ಆಕಳಿಸಲಿಲ್ಲ.

ಸೋಮವಾರ ಬಾಗಲಕೋಟೆಯಲ್ಲಿ ಲ್ಯಾಪ್‌ಟಾಪ್ ಹತ್ತು ಎಣಿಸುವುದರೊಳಗೆ ತೆರೆಯಿತು. ಗೋಡೆಯಷ್ಟು ದೊಡ್ಡ ಪರದೆಯ ತುಂಬ ಅವ್ವನ ಗಾಡಿ ದಡಿ ಹರಡಿಕೊಂಡಿತು. ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು. ಆ ಕ್ಷಣ ನನ್ನ ಎದೆ ಎಷ್ಟು ಉಬ್ಬಿತೆಂದರೆ ನಾನು ಮಾತಾಡಬೇಕಾದದ್ದೇ ಮರೆತೆ.

ಪುಸ್ತಕಕ್ಕೆ ಒಪ್ಪಿಗೆ ಕೊಟ್ಟ ಹಿರಿಯರು ಕೇಳಿದರು, "ಹೊಸಾ ಲ್ಯಾಪ್‌ಟಾಪ್ ಏನ್ರಿ? ಹುನಗುಂದದಾಗ ಭಾಳ ಹೊತ್ತು ಮಾಡಿತ್ತಂತ."

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತಿದ್ದ ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು.

"ಮಗ್ಗ ಹಳೇದ್ರಿ, ಹಾಸು ಹೊಸಾದು. ದಡಿ ನನ್ನ ಮಗಳು ಬಿಡಿಸ್ಯಾಳ. ಬೇಕಾದ್ರ ಜಗ್ಗಿ ನೋಡ್ರಿ."